ಕುರ್ಚಿ ಮೇಲಿನ ಆಟ

“ಉಗುರು ಮುರಿದರೆ ಆಂಬುಲೆನ್ಸ್ ಕರೆಯೋ ಕಾಲ ಸ್ವಾಮಿ ಇದು!” ಎಂದು ಕೊಕ್ಕರೆ ಮೇಜು ಗುದ್ದಿದ. ಮೇಜಿನ ಮೇಲಿದ್ದ ನೀರಿನ ಲೋಟ ಬೆಚ್ಚಿಬಿದ್ದು ಪಕ್ಕಕ್ಕೆ ಸರಿಯಿತು. ಟಿವಿಯ ಸಂಜೆ ಚರ್ಚೆ ಆಗತಾನೇ ಕಾವೇರಿತ್ತು. ಮರುದಿನ ಬ್ಯಾಸ್ಕೆಟ್‌ಬಾಲ್ ಲೀಗಿನ ಫೈನಲ್. ಊರಿನ ಮಹಿಳಾ ತಂಡದ ಕ್ಯಾಪ್ಟನ್ ಮಂಡಿ ನೋವೆಂದು ಆಡುವುದಿಲ್ಲ ಅಂದುಬಿಟ್ಟಿದ್ದಳು. ‘ನೋವೋ, ನಾಟಕವೋ?’ ಎಂಬ ಕೆಂಪು ಪಟ್ಟಿ ಪರದೆಯ ಕೆಳಗೆ ಓಡುತ್ತಿತ್ತು.

ಉದ್ದ ಕಾಲಿನಿಂದಾಗಿ ಆ ಅಡ್ಡಹೆಸರು ಪಡೆದಿದ್ದ ಕೊಕ್ಕರೆ ಒಂದು ಕಾಲದ ಬ್ಯಾಸ್ಕೆಟ್‌ಬಾಲ್ ಆಟಗಾರ. ಎದುರು ಕೂತಿದ್ದ ಗೂಳಿ ಅದೇ ಕಾಲದ ಫುಟ್‌ಬಾಲ್ ಆಟಗಾರ. ಚಡ್ಡಿ ದೋಸ್ತರು. ವಾರಕ್ಕೊಮ್ಮೆ ಒಂದೇ ಕಾರಿನಲ್ಲಿ ಬಂದು, ಮೇಕಪ್ ಕೋಣೆಯಲ್ಲಿ ಟೀ ಕುಡಿಯುತ್ತಾ ‘ಇವತ್ತು ನೀನು ಬಯ್ಯಿ, ನಾನು ವಹಿಸ್ಕೊಳ್ತೀನಿ’ ಎಂದು ಮಾತು ಹಂಚಿಕೊಂಡು, ಕ್ಯಾಮೆರಾ ಮುಂದೆ ಹಾವು ಮುಂಗುಸಿಯಾಗುತ್ತಿದ್ದರು. ಮುಗಿದ ಮೇಲೆ ಅದೇ ಕಾರಿನಲ್ಲಿ ಮನೆಗೆ. ದೇಶದ ಕ್ರೀಡೆಯೆಲ್ಲ ಇವರಿಬ್ಬರ ಗಂಟಲ ಮೇಲೆಯೇ ನಿಂತಿದೆ ಎಂದು ಚಾನೆಲ್ಲಿನವರು ನಂಬಿಸಿದ್ದರು. ಇವರೂ ನಂಬಿದ್ದರು.

“ಪಾಪ, ನೋವಿದ್ರೆ ಆ ಹುಡುಗಿ ಏನ್ಮಾಡ್ತಾಳೆ?” ಎಂದ ಗೂಳಿ, ತನ್ನ ಪಾಲಿನ ಮಾತು ಒಪ್ಪಿಸುತ್ತಾ.

“ನೀನು ಹಾಗನ್ನದೆ ಇನ್ನೇನಂತೀಯ? ಮೊನ್ನೆ ನಿಮ್ಮ ಫುಟ್‌ಬಾಲ್ ಹೀರೋ ಪಕ್ಕದವನು ಸೀನಿದ್ದಕ್ಕೇ ಪಲ್ಟಿ ಹೊಡೆದು ಬಿದ್ದ. ಪೆನಾಲ್ಟಿ ಬೇರೆ ಸಿಕ್ತು!”

“ಬೀಳೋದೂ ಒಂದು ವಿದ್ಯೆ ಕಣಯ್ಯ. ನಿಮ್ಮವರಿಗೆ ಅದೂ ಬರಲ್ಲ.”

ಬೆಂಕಿಗೆ ತುಪ್ಪ ಸುರಿಯುವುದೇ ನಿರೂಪಕನ ನೌಕರಿ. “ಸಾರ್, ನಿಮ್ಮ ಕಾಲದಲ್ಲಿ ಹೇಗಿತ್ತು?” ಎಂದು ಕೊಕ್ಕರೆಯ ಕಡೆ ಬಾಗಿದ. ಈ ಒಂದು ಪ್ರಶ್ನೆಗಾಗಿಯೇ ಕೊಕ್ಕರೆ ವಾರವಾರವೂ ಕೋಟಿಗೆ ಇಸ್ತ್ರಿ ಹಾಕಿಸಿಕೊಂಡು ಬರುತ್ತಿದ್ದ. “ಫೈನಲ್ ದಿನ ನನ್ನ ಮಂಡಿ ಊದಿ ಕುಂಬಳಕಾಯಿ ಆಗಿತ್ತು. ಕೋಚ್ ಸೂಜಿ ಚುಚ್ಚಿಸಿದ್ರು. ಆಡಿದೆ. ಗೆದ್ವಿ. ನೋವು ಅಂದ್ರೇನು ಅಂತ ನಮ್ಮಮ್ಮ ನನಗೆ ಹೇಳ್ಕೊಟ್ಟೇ ಇರಲಿಲ್ಲ!” ಈ ಚರ್ಚೆಗೆ ಬರತೊಡಗಿದಾಗ ಆ ಊತ ನಿಂಬೆಹಣ್ಣಿನಷ್ಟಿತ್ತು, ಹೇಳುತ್ತಾ ಹೇಳುತ್ತಾ ತೆಂಗಿನಕಾಯಿಯಾಗಿ, ಈಗ ಕುಂಬಳಕ್ಕೆ ಬಂದು ನಿಂತಿತ್ತು. ಅದೇ ತನ್ನ ಕೊನೆಯ ಪಂದ್ಯವೂ ಆಗಿತ್ತೆಂದು ಮಾತ್ರ ಅವನು ಯಾವತ್ತೂ ಹೇಳಿರಲಿಲ್ಲ. ಯಾರೂ ಕೇಳಿರಲೂ ಇಲ್ಲ.

ಅಷ್ಟರಲ್ಲಿ ನಿರೂಪಕ ಕಿವಿಗೆ ಬೆರಳೊತ್ತಿಕೊಂಡ. ಅವನ ಮುಖ ಅರಳಿತು. “ವೀಕ್ಷಕರೇ, ಸ್ವತಃ ಕ್ಯಾಪ್ಟನ್ನೇ ಫೋನಿನಲ್ಲಿದ್ದಾರೆ!”

“ನಮಸ್ಕಾರ ಸಾರ್,” ಎಂದಳು ಹುಡುಗಿ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ; ಕೊಕ್ಕರೆಗೆ ಕಸಿವಿಸಿಯಾದದ್ದೇ ಅದಕ್ಕೆ. “ನಾನೂ ಸೂಜಿ ಚುಚ್ಚಿಸ್ಕೊಂಡು ಆಡೋಣ ಅಂತಾನೇ ಇದ್ದೆ. ಆದ್ರೆ ನಮ್ಮ ಫಿಸಿಯೋ ಮೇಡಂ ಗೋಡೆಗೆ ಹಾಕಿರೋ ಒಂದು ಎಕ್ಸ್‌ರೇ ತೋರ್ಸಿದ್ರು. ಮೂಳೆಗೆ ಮೂಳೆ ತಿಕ್ಕಿ ಸವೆದುಹೋಗಿದೆ. ಹಿಂಗೇ ಸೂಜಿ ಚುಚ್ಚಿಸ್ಕೊಂಡು ಫೈನಲ್ ಆಡಿದವರ ಮಂಡಿ ಇದು, ಹೊಸ ಹುಡುಗ್ರಿಗೆ ತೋರ್ಸಿ ಅಂತ ಅವರೇ ಕೊಟ್ರು ಅಂದ್ರು. ಹೆಸರು ಹೇಳ್ಲಿಲ್ಲ. ಈಗ ನಿಮ್ಮ ಮಾತು ಕೇಳಿ ಗೊತ್ತಾಯ್ತು. ನಿಮ್ಮಿಂದ ನನ್ನ ಕಾಲು ಉಳೀತು ಸಾರ್. ಥ್ಯಾಂಕ್ಸ್ ಹೇಳೋಣ ಅಂತ ಫೋನ್ ಮಾಡ್ದೆ.”

ಕೊಕ್ಕರೆಯ ಕೈ ಮೇಜಿನ ಕೆಳಗೆ ತನ್ನ ಮಂಡಿಯ ಮೇಲೆ ಹೋಯಿತು. ವೀರನ ಮಂಡಿ ಹೇಗಿರುತ್ತೆಂದು ನೋಡಿ ಮಕ್ಕಳು ಸ್ಫೂರ್ತಿ ಪಡೆಯಲಿ ಎಂದು ಎದೆಯುಬ್ಬಿಸಿ ಕೊಟ್ಟುಬಂದಿದ್ದ ಎಕ್ಸ್‌ರೇ ಅದು. ಮಕ್ಕಳು ಬೇರೇನನ್ನೋ ಪಡೆಯುತ್ತಿದ್ದರು.

“ಸಾರ್, ಬಿಡಬೇಡಿ, ಉತ್ತರ ಕೊಡಿ!” ಎಂದು ನಿರೂಪಕ ಹುರಿದುಂಬಿಸಿದ. ಕೊಕ್ಕರೆ ಗೂಳಿಯ ಮುಖ ನೋಡಿದ. ಗೂಳಿ ಮೇಜು ನೋಡಿದ. ಮೇಕಪ್ ಕೋಣೆಯಲ್ಲಿ ಹಂಚಿಕೊಂಡಿದ್ದ ಮಾತುಗಳಲ್ಲಿ ಒಂದೂ ಈಗ ಕೆಲಸಕ್ಕೆ ಬರುವಂತಿರಲಿಲ್ಲ.

“ಆಡ್ಬೇಡಮ್ಮ,” ಎಂದ ಕೊಕ್ಕರೆ ಕೊನೆಗೆ. ಅವನ ದನಿ ಅವನಿಗೇ ಹೊಸದಾಗಿ ಕೇಳಿಸಿತು. “ಆ ಕಪ್ ಈಗ ಎಲ್ಲಿದೆಯೋ ನನಗೆ ಗೊತ್ತಿಲ್ಲ. ಮಂಡಿ ಮಾತ್ರ ನನ್ನ ಹತ್ರಾನೇ ಇದೆ. ಮೊಮ್ಮಗಳು ಚೆಂಡು ತಂದ್ರೆ ಕೂತಲ್ಲಿಂದಲೇ ಎಸೀತೀನಿ. ಅವಳು ಪಕ್ಕದ ಮನೆ ತಾತನ ಹತ್ರ ಆಡೋಕೆ ಹೋಗ್ತಾಳೆ.”

ಗೂಳಿ ಬಯ್ಯಲಿಲ್ಲ, ವಹಿಸಿಕೊಳ್ಳಲೂ ಇಲ್ಲ. “ಹೌದಮ್ಮ, ಆಡ್ಬೇಡ,” ಎಂದುಬಿಟ್ಟ. ಮನೆಗೆ ಬೆಂಕಿ ಬಿದ್ದವನಂತೆ ನಿರೂಪಕ ಜಾಹೀರಾತಿನ ವಿರಾಮ ಕೂಗಿದ.

ಚರ್ಚೆ ಮುಗಿದ ಮೇಲೆ ಚಾನೆಲ್ಲಿನವರು ಗೂಳಿಯನ್ನು ಒಳಗೇ ತಡೆದು ಏನೋ ಮಾತಾಡಿಸುತ್ತಿದ್ದರು. ಕೊಕ್ಕರೆ ಕಾರಿಗೊರಗಿ ನಿಂತು ಕಾದ. ಎಷ್ಟೋ ವರ್ಷಗಳ ಮೇಲೆ ಎದೆ ಹಗುರಾದಂತಿತ್ತು. ಕಾಲಿಗೆ ಮಾತ್ರ ಆ ಸುದ್ದಿ ಮುಟ್ಟಿರಲಿಲ್ಲ.

“ಮುಂದಿನ ವಾರದಿಂದ ನೀನು ಬರೋದು ಬೇಡವಂತೆ ಕಣೋ,” ಎನ್ನುತ್ತಾ ಗೂಳಿ ಬಂದ.

“ಯಾಕಂತೆ?”

“ಚರ್ಚೆಯಲ್ಲಿ ಇಬ್ಬರೂ ನಿಜ ಹೇಳಿದ್ರೆ ಜನ ಚಾನೆಲ್ ಬದಲಾಯಿಸ್ತಾರಂತೆ.”

“ಸರಿ ಬಿಡು. ನನ್ನ ಜಾಗಕ್ಕೆ ಯಾರು?”

“ಒಬ್ಬ ಸಿಕ್ಕಿದಾನಂತೆ. ನೋವು ಗೀವು ಅಂದವರನ್ನ ಕಂಡ್ರೇ ಆಗಲ್ವಂತೆ. ಮಂಡಿ ಕಲ್ಲಿನ ಹಾಗಿದೆಯಂತೆ.”

“ಈ ವಯಸ್ಸಲ್ಲೂ?” ಕೊಕ್ಕರೆಗೆ ಹೊಟ್ಟೆಕಿಚ್ಚಾಯಿತು. “ಯಾವ ಆಟ ಆಡ್ತಿದ್ದನಂತೆ?”

ಗೂಳಿ ಕಾರಿನ ಬಾಗಿಲು ತೆರೆದು ಹಿಡಿದ.

“ಯಾವುದೂ ಆಡಿಲ್ಲವಂತೆ.”