ಲೆನ್ಸಿಗೆ ಅಂಟಿಸಿದ ನೋಟು

ಮದುವೆಗಳಲ್ಲಿ ಮೆಚ್ಚುಗೆಗೆಂದು ಅಕಾರ್ಡಿಯನ್ ವಾದಕನ ಹಣೆಗೆ ನೋಟು ಅಂಟಿಸುವ ಹಾಗೆಯೇ ವುಕಾಶಿನ್ ಎರಡು ಸಾವಿರ ದಿನಾರ್ ನೋಟಿಗೆ ಎಂಜಲು ಹಚ್ಚಿ, ಮದುವೆಯ ವೀಡಿಯೊ ತೆಗೆಯುತ್ತಿದ್ದ ನೆವೆನಾಳ ಕ್ಯಾಮೆರಾದ ಲೆನ್ಸಿಗೆ ಒತ್ತಿಬಿಟ್ಟ. ವರನ ಪರ ಸಾಕ್ಷಿ ನಿಂತವನು ಅವನು. ಅಲ್ಲಿನ ಪದ್ಧತಿಯಂತೆ ಮದುವೆ ಮುಗಿಯುವ ತನಕ ಅವನಿಗೆ ಎದುರಾಡುವವರಿಲ್ಲ.

"ನನ್ನನ್ನೇ ತೆಗಿ ಕಣಮ್ಮಾ! ಈ ಕ್ಯಾಮೆರಾ ಕೊಡ್ಸಿದ್ದೇ ನಾನು, ಗೊತ್ತೇನ್ರೋ?" ಎಂದು ಊಟಕ್ಕೆ ಕೂತವರತ್ತ ಕೂಗಿದ. ಜನ ಚಪ್ಪಾಳೆ ತಟ್ಟಿದರು.

ನೆವೆನಾಳ ಮೈ ಉರಿಯಿತು. ಊರಿನ ನೂರೆಂಬತ್ತು ಜನ ಇಂಟರ್‌ನೆಟ್ಟಿನಲ್ಲಿ ಚೂರುಪಾರು ಚಂದಾ ಹಾಕಿ ಕೊಡಿಸಿದ ಕ್ಯಾಮೆರಾ ಅದು. ಕೊಟ್ಟ ಮಾತಿನಂತೆ ಅವರೆಲ್ಲರ ಹೆಸರನ್ನೂ ಸ್ಟ್ಯಾಂಡಿನ ಮೂರು ಕಾಲುಗಳ ಮೇಲೆ ಬಿಳಿ ಬಣ್ಣದಲ್ಲಿ ಬರೆದಿದ್ದಳು. ಕೆಂಪು ಮೆಣಸಿನಕಾಯಿ ಸುಟ್ಟು, ಅರೆದು, ಬಾಟಲಿಯಲ್ಲಿ ತುಂಬಿ ಮಾರುವ ಸ್ತಾಮೆನಾ ಅಜ್ಜಿಯ ಹೆಸರೂ ಅಲ್ಲಿತ್ತು.

"ನಿಮ್ಮ ಹೆಸ್ರು ಎಲ್ಲಿದೆ ತೋರ್ಸಿ, ವುಕಾಶಿನ್ ಮಾವ."

"ಇರತ್ತೆ ಬಿಡೇ, ಕೆಳಗೆಲ್ಲೋ..." ಎಲ್ಲರೂ ನೋಡುತ್ತಿದ್ದುದರಿಂದ ಅವನು ಕನ್ನಡಕ ಏರಿಸಿ ಮಂಡಿಯೂರಲೇಬೇಕಾಯಿತು. ಒಂದು ಕಾಲು ಓದಿದ, ಎರಡನೆಯದನ್ನು ಓದಿದ. ಮೂರನೆಯದಕ್ಕೆ ಬರುವಷ್ಟರಲ್ಲಿ ಅಕಾರ್ಡಿಯನ್ ನಿಂತುಹೋಗಿತ್ತು.

ಎಲ್ಲೂ ತನ್ನ ಹೆಸರು ಸಿಗದೆ ಎದ್ದವನ ಹಣೆ ಬೆವೆತಿತ್ತು. ನೆವೆನಾ ಲೆನ್ಸಿನ ನೋಟನ್ನು ಕಿತ್ತು ಆ ಹಣೆಗೇ ಒತ್ತಿದಳು, ಎಂಜಲು ಬೇಕಾಗಲಿಲ್ಲ. ಕ್ಯಾಮೆರಾವನ್ನು ಅವನ ಮುಖಕ್ಕೆ ತಿರುಗಿಸಿದಳು.

"ಹೂಂ, ಈಗ ಹೇಳಿ. ಯಾರು ಕೊಡ್ಸಿದ್ದು?"