ನಲವತ್ತು ಬಾಟಲಿ

ಮೆಣಸಿನಕಾಯಿ ತೊಟ್ಟು ಬಿಡಿಸುವ ನಲವತ್ತು ಹೆಂಗಸರು ಕೆಲಸದಿಂದ ನೇರ ಆಸ್ಪತ್ರೆಗೆ ಬಂದಿದ್ದರು, ಕಂಕುಳಲ್ಲಿ ಮೊರ ಸಿಕ್ಕಿಸಿಕೊಂಡು, ಗೊರಗೊರ ಉಸಿರೆಳೆಯುತ್ತ. ಡಾಕ್ಟರ್ ಮುದಗಲ್ಲ ಒಬ್ಬೊಬ್ಬರಿಗೆ ಒಂದೊಂದು ಬಾಟಲಿ ಗುಳಿಗೆ ಕೊಟ್ಟರು.

"ಇದು ಉಬ್ಬಸದ ಹೊಸ ಔಷಧದ ಪರೀಕ್ಷೆ. ಇಪ್ಪತ್ತು ಬಾಟ್ಲಿಯೊಳಗ ಔಷಧ ಐತಿ, ಇಪ್ಪತ್ತರಾಗ ಬರೇ ಹಿಟ್ಟಿನ ಗುಳಿಗಿ. ಯಾರಿಗೆ ಯಾವ್ದು ಅಂತ ನನಗೂ ಗೊತ್ತಿಲ್ಲ."

ಮೂರು ತಿಂಗಳಲ್ಲಿ ಎಲ್ಲರ ಉಬ್ಬಸವೂ ಇಳಿಯಿತು. ಡಾಕ್ಟರಿಗೆ ಹಿಗ್ಗೋ ಹಿಗ್ಗು. ಆಮೇಲೆ ಔಷಧ ತಯಾರಿಸುವ ಕಂಪನಿಯ ಕಾಗದ ಬಂತು: ಹಿಟ್ಟು ತಿಂದವರೂ ಔಷಧ ತಿಂದವರಷ್ಟೇ ಸುಧಾರಿಸಿದ್ದಾರೆ, ಆದ್ದರಿಂದ ಔಷಧದಲ್ಲಿ ಗುಣವಿಲ್ಲ, ತಯಾರಿಕೆ ನಿಲ್ಲಿಸಲಾಗಿದೆ.

ಆ ಔಷಧಕ್ಕಾಗಿ ಡಾಕ್ಟರು ದುಡಿದ ಆರು ವರ್ಷ ನೀರುಪಾಲಾಗಿತ್ತು. ಆ ನಲವತ್ತರಲ್ಲಿ ಒಬ್ಬಳಾದ, ಇನ್ನೊಂದು ಬಾಟಲಿ ಕೇಳಲು ಬಂದ ಫಕ್ಕೀರವ್ವನ ಮುಂದೆ ಅವರು ಕಾಗದ ಓದಿ ಹೇಳಿದರು.

"ನಲವತ್ತೂ ಮಂದಿ ಒಂದೇ ಅಳತಿಗೆ ಹೆಂಗ ಆರಾಮಾದ್ರಿ, ನನಗ ತಿಳಿವಲ್ದವ್ವಾ."

"ತಿಳೀಲಾರದ್ದೇನೈತ್ರಿ ಸಾಹೇಬ್ರ? ಇಪ್ಪತ್ತು ಮಂದಿಗೆ ಔಷಧ, ಇಪ್ಪತ್ತು ಮಂದಿಗೆ ಹಿಟ್ಟು ಅಂದ್ರ ಅದು ನ್ಯಾಯ ಏನ್ರಿ? ಅವತ್ತ ನಿಮ್ಮ ಬಾಗಲದಾಗ ಕುಂತು, ಎಲ್ಲಾ ಬಾಟ್ಲಿ ನನ್ನ ಮೊರಕ್ಕ ಸುರುವಿ, ಕಲಸಿ, ಸಮ ಹಂಚಿದ್ನಿ."