ಯಾರೂ ಕೇಳದ ಫೈಲು

ಗಿರಣಿಯ ಬಾಗಿಲು ತೆಗೆದ ಹೆಂಗಸನ್ನು ನೋಡಿ ಗುಮಾಸ್ತ ಕಾಂತರಾಜ್ ಲಾರಿಯಿಂದ ಇಳಿಯಲು ಹಿಂದೆಮುಂದೆ ನೋಡಿದ. ದುರ್ಗಮ್ಮ. ತಿಂಗಳು ತಪ್ಪದೆ ಭದ್ರಾವತಿಯಿಂದ ಬಸ್ಸು ಹತ್ತಿ ಶಿವಮೊಗ್ಗದ ಆಫೀಸಿಗೆ ಬಂದು, ಅವನ ಮೇಜಿನ ಎದುರು ನಿಂತು, "ನಮ್ ಫೈಲು ಎಲ್ಲಿಗೆ ಬಂತು ಸಾರ್?" ಎಂದು ಕೇಳುವ ದುರ್ಗಮ್ಮ. ಗಂಡ ಚೌಡಯ್ಯ ಆ ಆಫೀಸಿನಲ್ಲೇ ಜೀಪ್ ಡ್ರೈವರಾಗಿದ್ದ, ಕೆಲಸದಲ್ಲಿರುವಾಗಲೇ ತೀರಿಕೊಂಡ. ಮಗಳು ಮೈತ್ರಿಗೆ ಅನುಕಂಪದ ನೌಕರಿ ಕೊಡಿ ಎಂದು ಅರ್ಜಿ ಹಾಕಿ ವರ್ಷಗಳೇ ಉರುಳಿದ್ದವು.

"ನೀವೇನಮ್ಮ ಇಲ್ಲಿ?"

"ಕಸ ಗುಡಿಸೋಕೆ, ಬೀಗ ಕಾಯೋಕೆ ಅಂತ ಗಿರಣಿ ಸಾವ್ಕಾರ್ರು ಇಟ್ಕೊಂಡವ್ರೆ ಸಾರ್. ನಿಮ್ಮ ಆಫೀಸಿನ ಸಾಮಾನೇ ಬರ್ತದೆ ಅಂತ ನಂಗೇನ್ ಗೊತ್ತಿತ್ತು." ಗುರುತಿನವರು ಬಂದರೆಂದು ಅವಳ ಮುಖ ಅರಳಿತ್ತು. ಕೇಳದಿದ್ದರೂ ಟವೆಲ್ಲನ್ನು ಸಿಂಬಿ ಸುತ್ತಿ ತಲೆಗಿಟ್ಟುಕೊಂಡು, ಕೂಲಿಯವರ ಜೊತೆ ಗಂಟು ಹೊರಲು ನಿಂತಳು. ಆಫೀಸಿನವರಿಗೆ ಒಂದು ಕೈ ಸಹಾಯ ಮಾಡಿದರೆ ನಾಳೆ ನೆನಪಿಟ್ಟುಕೊಂಡಾರು ಎನ್ನುವ ಆಸೆ, ಪಾಪ.

ಲಾರಿಯಲ್ಲಿದ್ದದ್ದೆಲ್ಲ ಸತ್ತ ಫೈಲು. ಐದು ವರ್ಷದಿಂದ ಟಿಪ್ಪಣಿ ಹಾಳೆಯಲ್ಲಿ ಯಾರೂ ಒಂದಕ್ಷರ ಬರೆದಿಲ್ಲವೆಂದರೆ ಆ ಫೈಲು ಸತ್ತಂತೆ ಎಂದು ಸೂಪರಿಂಟೆಂಡೆಂಟ್ ವೆಂಕಟಾಚಲ ಲೆಕ್ಕ ಹಾಕಿದ್ದರು. ರೆಕಾರ್ಡ್ ರೂಮಿಗೆ ಕಂಪ್ಯೂಟರ್ ಬರುವುದಿತ್ತು, ಅದಕ್ಕೆ ಏಸಿ ಬೇರೆ. ಸತ್ತವಕ್ಕೆ ಏಸಿ ಯಾಕೆ, ಭದ್ರಾವತಿಯ ಮುಚ್ಚಿದ ಅಕ್ಕಿ ಗಿರಣಿಯೇ ಧಾರಾಳ, ಬಾಡಿಗೆಯೂ ಅಗ್ಗ. ಆರಿಸುವ ಕೆಲಸ ಕಾಂತರಾಜನ ತಲೆಗೆ ಬಿತ್ತು. ಅವನೇನು ಒಂದೊಂದರ ಹೆಸರು ಓದುತ್ತ ಕೂತನೇ? ಕೊನೆಯ ಹಾಳೆಯ ತಾರೀಕು ನೋಡಿದ, ಕೆಂಪು ಬಟ್ಟೆಯಲ್ಲಿ ಕಟ್ಟಿಸಿದ, ಲಾರಿ ಹತ್ತಿಸಿದ.

ಈಗ ಅವನಿಗೆ ಚೌಡಯ್ಯನ ಫೈಲು ನೆನಪಾಯಿತು. ದುರ್ಗಮ್ಮ ಬಂದು ಕೇಳಿದ್ದನ್ನು ಅವನು ಒಂದು ಸಲವೂ ಬರೆದಿಟ್ಟಿರಲಿಲ್ಲ. ಬರೆದರೆ ಮೇಲಿನವರು ಏನಾಯಿತು ಎನ್ನುತ್ತಾರೆ, ಬೆಂಗಳೂರಿಗೆ ಪತ್ರ ಹಾಕಬೇಕಾಗುತ್ತದೆ, ತಲೆನೋವು. "ನಡೀತಾ ಇದೆ ಕಣಮ್ಮ" ಎಂದು ಬಾಯಲ್ಲಿ ಹೇಳಿಬಿಟ್ಟರೆ ಅಲ್ಲಿಗೆ ಆಯಿತು. ಆಫೀಸಿನ ಹಳಬರು ಅವನಿಗೆ ಕಲಿಸಿಕೊಟ್ಟ ಮೊದಲ ಪಾಠವೇ ಅದು. ಲಾರಿಯ ಹಿಂಬದಿಗೆ ಹೋಗಿ ಒಂದೊಂದೇ ಗಂಟಿನ ಚೀಟಿ ತಿರುವಿದ. ಹೆದರಿದಂತೆಯೇ ಆಗಿತ್ತು. ಒಂದು ಗಂಟಿನ ನಡುವಿನಿಂದ ಚೌಡಯ್ಯನ ಫೈಲು ಇಣುಕುತ್ತಿತ್ತು. ಗಂಟನ್ನೇ ಎತ್ತಿ ಜಗಲಿಯ ಮೇಲಿಟ್ಟ.

ಬಾಗಿಲಿಗೆ ಸೀಲು ಹಾಕಿಸಲು ಬಂದಿದ್ದ ವೆಂಕಟಾಚಲ ಅದನ್ನು ನೋಡಿದರು. "ಏನ್ರೀ ಕಾಂತರಾಜ್, ಅದೊಂದ್ಯಾಕೆ ಹೊರಗೆ?"

"ಸಾರ್, ಇದ್ರಲ್ಲಿ ಡ್ರೈವರ್ ಚೌಡಯ್ಯನ ಫೈಲಿದೆ. ತಪ್ಪಿ ಬಂದ್ಬಿಟ್ಟಿದೆ, ವಾಪಸ್ ತಗೊಂಡು ಹೋಗ್ತೀನಿ."

ಅವರು ಬಿಚ್ಚಿ ನೋಡಿದರು. "ಐದು ವರ್ಷದಿಂದ ಒಂದು ಟಿಪ್ಪಣೀನೂ ಇಲ್ವಲ್ರೀ. ಯಾರೂ ಕೇಳಿಲ್ಲ ಇದನ್ನ."

"ಆಯಮ್ಮ ತಿಂಗ್ಳು ತಿಂಗ್ಳು ಬಂದು ಕೇಳ್ತಾರೆ ಸಾರ್." ದನಿ ತಗ್ಗಿಸಿ ಒಳಗೆ ಕಣ್ಣು ತೋರಿಸಿದ. "ಅಲ್ಲಿದ್ದಾರಲ್ಲ, ಅವರೇ."

ವೆಂಕಟಾಚಲ ಫೈಲನ್ನು ಗಂಟಿನೊಳಕ್ಕೆ ತಳ್ಳಿ ಮತ್ತೆ ಕಟ್ಟಿದರು. ಅವರೇನು ಕಟುಕರಲ್ಲ. "ಇಲ್ಲಿಗೆ ಕಳ್ಸೋ ಫೈಲಿನ ಪಟ್ಟಿಗೆ ಸಾಹೇಬ್ರ ಸಹಿ ಆಗಿದೆ. ಇಷ್ಟು ವರ್ಷ ಆಯಮ್ಮ ಕೇಳಿದ್ರು, ನಾನು ಬರೀಲಿಲ್ಲ ಅಂತ ನೀವೇ ಬರ್ಕೊಡಿ, ಈಗ್ಲೇ ತೆಗೆಸ್ತೀನಿ. ಆಮೇಲೆ ಮೆಮೊ ಬಂದ್ರೆ ನನ್ನ ಮೇಲೆ ಬೇಜಾರು ಮಾಡ್ಕೋಬೇಡಿ ಮಾರಾಯ್ರೆ. ಬಡ್ತಿ ಬೇರೆ ಹತ್ರ ಬಂದಿದೆ ನಿಮ್ಗೆ."

ಪೆನ್ನು ಕಾಂತರಾಜನ ಜೇಬಿನಲ್ಲೇ ಇತ್ತು. ಬರೆದರೆ ನಾಲ್ಕು ಸಾಲಿನ ಮಾತು. ತನ್ನ ಹೆಂಡತಿಗೆ ಹೆರಿಗೆ ನೋವು ಬಂದ ದಿನ ಹೊಸಮನೆ ಬಡಾವಣೆಯ ಮನೆ ಬಾಗಿಲಿಗೇ ಜೀಪು ತಂದು, ಅವಳನ್ನು ಆಸ್ಪತ್ರೆಗೆ ಮುಟ್ಟಿಸಿದವನು ಇದೇ ಚೌಡಯ್ಯ. ಅದು ನೆನಪಾಗಿ ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು. ಹೇಸಿಗೆಯಾದದ್ದು ನಿಜ, ಕೈ ಮಾತ್ರ ಜೇಬಿಗೆ ಹೋಗಲಿಲ್ಲ.

ಅಷ್ಟರಲ್ಲಿ ದುರ್ಗಮ್ಮ ಸೆರಗಿನಲ್ಲಿ ಬೆವರು ಒರೆಸಿಕೊಳ್ಳುತ್ತ ಬಂದಳು. "ಇದೂ ಒಳಗೇನಾ ಸಾರ್?"

ವೆಂಕಟಾಚಲ ಬೇರೆಲ್ಲೋ ನೋಡುತ್ತಿದ್ದರು.

"ಹೂಂ," ಎಂದ ಕಾಂತರಾಜ್. "ಒಳಗೇ."

ಅವಳು ಬಗ್ಗಿ ಎರಡೂ ಕೈಯಲ್ಲಿ ಗಂಟನ್ನೆತ್ತಿ ತಲೆಯ ಮೇಲಿಟ್ಟುಕೊಂಡಳು. ಹೊಟ್ಟಿನ ವಾಸನೆಯ ಕತ್ತಲೆಗೆ ನಡೆದು, ಗೋಡೆಯ ಬುಡದಲ್ಲಿ ಇಳಿಸಿ, ಅದರ ಮೇಲೆ ಇನ್ನಷ್ಟು ಗಂಟು ಪೇರಿಸಿದಳು. ಕಾಂತರಾಜ್ ಹೊಸ್ತಿಲ ಆಚೆಯೇ ನಿಂತು ನೋಡಿದ.

ಬಾಗಿಲು ಎಳೆದು, ಸೀಲು ಬಿದ್ದ ಮೇಲೆ ಅವಳು ಮೆಲ್ಲಗೆ ಹತ್ತಿರ ಬಂದಳು. "ಸೋಮವಾರ ಆಫೀಸಿಗೆ ಬರ್ತೀನಿ ಸಾರ್. ಈ ವರ್ಷ ದಾಟಿದ್ರೆ ಮೈತ್ರಿಗೆ ವಯಸ್ಸು ಮೀರೋಯ್ತದೆ. ಇವತ್ತೇ ಕೇಳ್ಬೋದಿತ್ತು, ನೀವು ಕೆಲಸದ ಮೇಲೆ ಬಂದಿದ್ದೀರಿ, ತೊಂದ್ರೆ ಕೊಡ್ಬಾರ್ದು ಅಂತ ಸುಮ್ನಿದ್ದೆ."

"ಬನ್ನಿ," ಎಂದ ಅವನು. "ನಡೀತಾ ಇದೆ."

ಅವಳ ಮುಖಕ್ಕೆ ಗೆಲುವು ಬಂತು. ಬೀಗವನ್ನು ಜಗ್ಗಿ ನೋಡಿ, ಕೀಲಿಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಹೇಳಿದಳು: "ನೀವೇನೂ ಯೋಚ್ನೆ ಮಾಡ್ಬೇಡಿ ಸಾರ್. ನಾನಿರೋ ತನಕ ಇಲ್ಲಿಂದ ಒಂದು ಹಾಳೇನೂ ಆಚೆ ಹೋಗಲ್ಲ."